ಎಂಗೋಜಿ ಆಂಟಿಯ ಸೊಪ್ಪಿನ ಪುಡಿ

ಸೊಪ್ಪು ಹಾಳಾದದ್ದು ಕಾರಿನ ಡಿಕ್ಕಿಯಲ್ಲಿ. ರನ್‌ಕಾರ್ನ್‌ನ ಎಂಗೋಜಿ ಆಂಟಿಯ ಹಿತ್ತಿಲಿನಿಂದ ಚೀಲ ತುಂಬಿಕೊಂಡು ಹೊರಟ ಮಾಲವಿಕಾ ನೇರವಾಗಿ ಲ್ಯಾಬಿಗೆ ಹೋಗಬೇಕಿತ್ತು. ಗೆಳೆಯರು ಬಾರ್ಬೆಕ್ಯೂ ಊಟಕ್ಕೆ ಕರೆದರೆಂದು ಅತ್ತ ತಿರುಗಿದಳು, ಚೀಲ ಮರೆತಳು. ಬ್ರಿಸ್ಬೇನಿನ ಜನವರಿಯ ಬಿಸಿಲು ಶನಿವಾರ, ಭಾನುವಾರ ತನ್ನ ಕೆಲಸ ಮಾಡಿತು. ಸೋಮವಾರ ಡಿಕ್ಕಿ ತೆರೆದರೆ ಕಂದು ಮುದ್ದೆ.

ಆಂಟಿಯ ತವರು ನೈಜೀರಿಯಾದ ಹಳ್ಳಿಗಳಲ್ಲಿ ಜ್ವರಕ್ಕೂ ಹೊಟ್ಟೆನೋವಿಗೂ ಕೊಡುವ ಸೊಪ್ಪು ಅದು. ದೇಹಕ್ಕೆ ಒಳಗಿಂದೊಳಗೇ ತುಕ್ಕು ಹಿಡಿಯದಂತೆ ತಡೆಯುವ ಗುಣ ಅದರಲ್ಲಿ ಎಷ್ಟಿದೆ ಎಂಬುದೇ ಮಾಲವಿಕಾಳ ಪಿಎಚ್‌.ಡಿ. ವಿಷಯ. ಪರೀಕ್ಷೆ ಸರಳ: ನೇರಳೆ ದ್ರಾವಣಕ್ಕೆ ಸೊಪ್ಪಿನ ಸಾರ ಬಿಟ್ಟರೆ ಅದು ಹಳದಿಯಾಗಬೇಕು. ಮುದ್ದೆಯಲ್ಲಿ ಉಳಿದದ್ದನ್ನು ಒಣಗಿಸಿ, ಪುಡಿ ಮಾಡಿ ದ್ರಾವಣಕ್ಕೆ ಬಿಟ್ಟಳು. ನೇರಳೆ ನೇರಳೆಯಾಗಿಯೇ ಉಳಿಯಿತು.

ಆಂಟಿ ಗಿಡವನ್ನು ಬುಡದವರೆಗೆ ಕತ್ತರಿಸಿ ಕೊಟ್ಟಿದ್ದರು. "ಇಲ್ಲಿನವರು ಇದನ್ನ ಕಳೆ ಅಂತಾರೆ ಮಗಳೇ. ನೀನಾದ್ರೂ ಇದಕ್ಕೊಂದು ಮರ್ಯಾದೆ ಕೊಡಿಸು" ಎಂದಿದ್ದರು. ಮುಂದಿನ ತಿಂಗಳು ಅಡಿಲೇಡಿನ ಸಭೆಯಲ್ಲಿ ಫಲಿತಾಂಶ ತೋರಿಸದಿದ್ದರೆ ಸಂಶೋಧನೆ ಅಲ್ಲಿಗೇ ನಿಲ್ಲುತ್ತದೆ, ವೀಸಾ ಕೂಡ. ಡಿಕ್ಕಿಯಲ್ಲಿ ಮರೆತೆ ಎಂದು ಹೇಳಿಬಿಡುವುದು ಎರಡು ನಿಮಿಷದ ಮಾತು. ಆ ಎರಡು ನಿಮಿಷಕ್ಕೆ ಹೆದರಿ ಅವಳು ಮೋಸದ ದಾರಿ ಹಿಡಿದಳು.

ವಿಟಮಿನ್ ಸಿ ಪುಡಿ ಬೆರೆಸಿದರೆ ನೇರಳೆ ಕ್ಷಣದಲ್ಲಿ ಹಳದಿಯಾಗುತ್ತದೆ. ಸೊಪ್ಪಿನಲ್ಲಿ ಆ ವಿಟಮಿನ್ ಮೊದಲೇ ಇರುವುದರಿಂದ ಕಂಡರೂ ಯಾರೂ ಹುಬ್ಬೇರಿಸುವುದಿಲ್ಲ. ಆದರೆ ಎಯ್ಟ್ ಮೈಲ್ ಪ್ಲೇನ್ಸ್‌ನ ಅವಳ ಲ್ಯಾಬಿನಲ್ಲಿ ಚಿಟಿಕೆ ಪುಡಿ ತೆಗೆದರೂ ತೂಕ ಬರೆದಿಡಬೇಕು. ಬ್ರಿಸ್ಬೇನಿನ ಅಂಗಡಿಗಳಲ್ಲಿ ಗುರುತಿನವರು. ಹಾಗಾಗಿ ಗೆಳತಿ ಚಿನ್ಮಯಿಯ ಮಗುವಿನ ನಾಮಕರಣಕ್ಕೆಂದು ಪರ್ತ್‌ಗೆ ಹೋದವಳು ಕ್ಯಾನಿಂಗ್ಟನ್‌ನ ಮಾಲಿನಲ್ಲಿ ಡಬ್ಬಿ ಕೊಂಡಳು.

"ಇದನ್ನ ತಗೊಳೋಕೆ ಇಷ್ಟು ದೂರ ಬಂದ್ಯಾ? ನಿಮ್ಮೂರಲ್ಲಿ ಮೆಡಿಕಲ್ ಶಾಪ್ ಇಲ್ವೇನೇ?" ಎಂದು ಚಿನ್ಮಯಿ ನಕ್ಕಳು.

"ನೆಗಡಿ ಕಣೆ" ಎಂದಳು. ತೊಟ್ಟಿಲ ಮುಂದೆ ನಿಂತು ಸುಳ್ಳು ಹೇಳಿದ್ದಕ್ಕೆ ಕಿವಿ ಬಿಸಿಯಾಯಿತು.

ಮನೆಯ ಮಿಕ್ಸಿಯಲ್ಲೇ ಬೆರೆಸಿದಳು. ಲ್ಯಾಬಿನಲ್ಲಾದರೆ ಕ್ಯಾಮೆರಾ ಇದೆ. ಫಲಿತಾಂಶ ತೀರಾ ಚೆನ್ನಾಗಿದ್ದರೂ ಅನುಮಾನ ಬರುತ್ತದೆಂದು ಸ್ವಲ್ಪಸ್ವಲ್ಪವೇ ಸೇರಿಸಿ, ನಂಬುವಷ್ಟರಲ್ಲಿ ನಿಲ್ಲಿಸಿದಳು. ಅದೇ ಪುಡಿಯ ಅರ್ಧವನ್ನು ಮೊಹರು ಮಾಡಿ ಮರುಪರೀಕ್ಷೆಗೆ ಅಡಿಲೇಡಿನ ಪ್ರೊಫೆಸರಿಗೆ ಕಳಿಸಿದಳು. ಪುಡಿ ಒಂದೇ ಆದಮೇಲೆ ಎಲ್ಲಿ ಪರೀಕ್ಷಿಸಿದರೂ ಉತ್ತರ ಒಂದೇ.

"ಏನೇ, ಅರ್ಧ ಗಂಟೆಯಿಂದ ಜಾರ್ ತೊಳೀತಾನೇ ಇದ್ದೀಯಾ!" ಗಂಡ ಅಮೋಘ ಬಾಗಿಲಲ್ಲಿ ನಿಂತು ಕೇಳಿದ. "ಚಟ್ನಿ ಮಾಡಿದ ದಿನ ನೆನೆ ಹಾಕಿ ಮಲಗಿಬಿಡ್ತೀಯ."

"ವಾಸನೆ ಹೋಗ್ತಿಲ್ಲ ಕಣೋ."

ಅಡಿಲೇಡಿನಿಂದಲೂ ಹಳದಿ ಎಂದೇ ಉತ್ತರ ಬಂತು. ಆಂಟಿಗೆ ಫೋನು ಮಾಡದೆ ಇರಲಾಗಲಿಲ್ಲ.

"ಬಣ್ಣ ತಿರುಗ್ತಾ ಮಗಳೇ?"

"ತಿರುಗ್ತು ಆಂಟಿ."

ಅತ್ತ ಕಡೆ ಬರೀ ಬಿಕ್ಕುವ ಸದ್ದು. ಮಾಲವಿಕಾ ಫೋನನ್ನು ಕಿವಿಯಿಂದ ದೂರ ಹಿಡಿದು ಅದು ನಿಲ್ಲುವವರೆಗೆ ಸಿಂಕನ್ನು ನೋಡುತ್ತ ನಿಂತಳು.

ಅಡಿಲೇಡಿನ ಸಭೆಯಲ್ಲಿ ಪ್ರೊಫೆಸರ್ ಎದ್ದುನಿಂತು ಚಪ್ಪಾಳೆ ತಟ್ಟಿದರು. ಅಲ್ಲೇ ಇರುವ ಮಗಳ ಮನೆಗೆ ಬಂದಿದ್ದ ಎಂಗೋಜಿ ಆಂಟಿ ತಮ್ಮೂರ ಕಡೆಯ ಹತ್ತಾರು ಜನರನ್ನು ಕರೆತಂದಿದ್ದರು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು. ಗೆದ್ದೆ ಎನ್ನಿಸಿತು. ಇನ್ನು ಮುಂದೆ ಈ ಜನರ ಮುಖ ನೋಡಬೇಕಾಗಿಲ್ಲ ಎನ್ನುವುದೇ ಆ ಗೆಲುವಿನಲ್ಲಿದ್ದ ಸಮಾಧಾನ. ಅಷ್ಟರಲ್ಲಿ ಆಂಟಿ ಫ್ಲಾಸ್ಕು ಹಿಡಿದು ಬಂದರು, ಹಿಂದೆಯೇ ಟ್ರೇ ತುಂಬ ಪುಟ್ಟ ಲೋಟಗಳು.

"ನನ್ನ ಗಿಡ ಇನ್ನೂ ಎರಡೆಲೆ ಚಿಗುರಿದೆ ಅಷ್ಟೇ. ಅದಕ್ಕೇ ಪ್ರೊಫೆಸರ್ ಹತ್ರ ಉಳಿದಿದ್ದ ನಿನ್ನ ಪುಡೀನೇ ಬೇಡಿ ಬಿಸಿನೀರಿಗೆ ಹಾಕ್ದೆ. ನಮ್ಮಲ್ಲಿ ಮದ್ದು ಮಾಡಿದವರು ಮೊದಲು ಕುಡೀಬೇಕು. ಹ್ಞೂಂ, ಕುಡಿ!"

"ಮುಖ ಹೇಗೆ ಕಿವಿಚ್ತಾಳೆ ನೋಡೋಣ" ಎಂದು ಹಿಂದಿನಿಂದ ಯಾರೋ ನಕ್ಕರು. "ಈ ಕಹಿಗೆ ನಮ್ಮಜ್ಜನೇ ಓಡಿ ಹೋಗ್ತಿದ್ರು."

ತಕ್ಕಡಿ, ಕ್ಯಾಮೆರಾ, ಅಂಗಡಿ, ಪ್ರೊಫೆಸರರ ಯಂತ್ರ, ಎಲ್ಲವನ್ನೂ ಲೆಕ್ಕ ಹಾಕಿದ್ದಳು ಮಾಲವಿಕಾ. ಆದರೆ ಲ್ಯಾಬಿನ ಮೇಜಿನ ಮೇಲಿನದ್ದು ಯಾವತ್ತೂ ಬಾಯಿಗೆ ಹೋಗಬಾರದೆಂಬ ಶಿಸ್ತಿನಲ್ಲಿ ಬೆಳೆದವಳು ಆ ಪುಡಿಯನ್ನು ಒಮ್ಮೆಯೂ ನಾಲಿಗೆಗೆ ಇಟ್ಟಿರಲಿಲ್ಲ. ಕಹಿಗೆಂದು ಮುಖ ಮೊದಲೇ ಕಿವಿಚಿ ಒಂದು ಗುಟುಕು ಕುಡಿದಳು. ಹಲ್ಲು ಜುಮ್ಮೆನ್ನುವಂಥ ಹುಳಿ. ಆ ಸೊಪ್ಪನ್ನು ಹುಟ್ಟಿದಂದಿನಿಂದ ಕುಡಿದು ಬಲ್ಲವರು ಒಬ್ಬೊಬ್ಬರಾಗಿ ಲೋಟ ತುಟಿಗೆತ್ತುತ್ತಿದ್ದರು. ಎಂಗೋಜಿ ಆಂಟಿ ಅವಳನ್ನೇ ಹೆಮ್ಮೆಯಿಂದ ನೋಡುತ್ತ, ಕಣ್ಣೊರೆಸಿಕೊಂಡು, ತಮ್ಮದನ್ನೂ ಎತ್ತಿದರು.