ಹಳದಿ ಅಂಗಿಯ ಹೊಸ ಅಭಿಮಾನಿ

"ಏಳ್ರೀ ಅಲ್ಲಿಂದ! ಮೊದಲನೇ ಸಾಲಲ್ಲಿ ಯಾರಾದ್ರೂ ಕೂರ್ತಾರಾ?"

ರೇಸ್ ಟ್ರ್ಯಾಕಿನ ಗ್ಯಾಲರಿಯಲ್ಲಿ ಕುಳಿತಿದ್ದ ಡೀನಾ ತಿರುಗಿ ನೋಡಿದಳು. ಮೆಟ್ಟಿಲ ಮೇಲೆ ಎತ್ತರದ ಮನುಷ್ಯನೊಬ್ಬ ನಿಂತಿದ್ದ. ಕೊರಳಲ್ಲಿ ರೇಡಿಯೊ, ಮುಖದಲ್ಲಿ ಅವಸರ.

'ಬಂದ ನೋಡು ಇನ್ನೊಬ್ಬ, ನಾನೆಲ್ಲಿ ಕೂರಬೇಕು ಅಂತ ಹೇಳೋಕೆ!'

"ಟಿಕೆಟ್ ನಂದು, ಕೂರೋಳು ನಾನು. ನಿಮಗೇನ್ರೀ ಕಷ್ಟ?"

"ನನಗೇನೂ ಇಲ್ಲ... ನಿಮ್ಮ ಸ್ಯಾಂಡ್‌ವಿಚ್‌ಗೆ ಕಷ್ಟ."

ಅಷ್ಟರಲ್ಲಿ ರೇಸಿಗೆ ಮುಂಚಿನ ಅಭ್ಯಾಸದ ಸುತ್ತಿನಲ್ಲಿದ್ದ ಇಪ್ಪತ್ತು ಕಾರುಗಳು ಗುಡುಗುತ್ತ ತಿರುವು ದಾಟಿದವು. ತಂತಿಬೇಲಿ ನಡುಗಿತು. ಸವೆದ ಟಯರುಗಳ ಕರಿ ಚೂರುಗಳು ಅವಳ ಹಳದಿ ಅಂಗಿಯ ಮೇಲೆ, ಕೂದಲಲ್ಲಿ, ಕೈಲಿದ್ದ ಚೀಸ್ ಸ್ಯಾಂಡ್‌ವಿಚ್ ಮೇಲೆ ಉದುರಿದವು.

ಡೀನಾ ಒಂದು ಚೂರನ್ನು ಹೆಕ್ಕಿ ಎಸೆದಳು. ಅವನನ್ನೇ ದಿಟ್ಟಿಸುತ್ತ ದೊಡ್ಡದೊಂದು ತುತ್ತು ಕಚ್ಚಿದಳು!

ಆತ ಗಹಗಹಿಸಿ ನಕ್ಕ. ಕೆಳಗಿಳಿದು ಬಂದು ತನ್ನ ಚೀಲದಿಂದ ಕಿವಿ ಮುಚ್ಚುವ ದಪ್ಪ ಹೆಡ್‌ಫೋನನ್ನೂ ಪುಟ್ಟ ರೇಡಿಯೊವನ್ನೂ ತೆಗೆದು ಅವಳ ಪಕ್ಕದಲ್ಲಿಟ್ಟ.

"ಕಿವಿಗಾದ್ರೂ ಹಾಕ್ಕೊಳ್ಳಿ. ನಾನು ಎಮೆಟ್, ಎಪ್ಪತ್ಮೂರನೇ ಗಾಡಿಯವನು. ಸ್ಟೇಡಿಯಂ ಛಾವಣಿ ಮೇಲೆ ನಿಂತು ಅದರ ಡ್ರೈವರ್‌ಗೆ ಹಿಂದೆ ಮುಂದೆ ಯಾರಿದ್ದಾರೆ ಅಂತ ಹೇಳ್ತೀನಿ. ಇದರಲ್ಲಿ ನಮ್ಮ ಮಾತೆಲ್ಲ ಕೇಳ್ಸುತ್ತೆ."

ಹನ್ನೆರಡು ವರ್ಷದ ಸಂಸಾರದಲ್ಲಿ ಡೀನಾ ಒಮ್ಮೆಯೂ ಇಲ್ಲಿಗೆ ಬಂದಿರಲಿಲ್ಲ. ಶನಿವಾರ ಮಧ್ಯಾಹ್ನವಾದರೆ ಗಂಡ ರ್ಯಾಂಡಲ್ ಅವಳನ್ನು ಮನೆಯಲ್ಲಿ ಬಿಟ್ಟು ಇಲ್ಲಿಗೆ ಬರುತ್ತಿದ್ದ. "ಇದೆಲ್ಲ ನಿನ್ನ ತಲೆಗೆ ಹತ್ತಲ್ಲ ಬಿಡೇ" ಎನ್ನುತ್ತಿದ್ದ. ಕ್ಯಾರೊಲಿನಾದ ಬೆಟ್ಟದ ತಿರುವುಗಳಲ್ಲಿ ದಿನಕ್ಕೆರಡು ಸಲ ಶಾಲೆಯ ಬಸ್ಸು ಓಡಿಸುವವಳ ತಲೆಗೆ! ವಿಚ್ಛೇದನದ ಕಾಗದ ಕೈಗೆ ಬಂದ ಮೊದಲ ಶನಿವಾರವೇ ಅವಳು ಒಬ್ಬಳೇ ಬಂದು ಇಲ್ಲಿ ಕುಳಿತಿದ್ದಳು.

ಓಟ ಶುರುವಾಯಿತು. ಕಿವಿಯೊಳಗೆ ಎಮೆಟ್‌ನ ಧ್ವನಿ... ಎಷ್ಟು ನಿಧಾನ, ಎಷ್ಟು ಖಚಿತ!

"ನಿನ್ನ ಹೊರಮಗ್ಗುಲಿಗೆ ಒಬ್ಬ ಇದ್ದಾನೆ... ಇನ್ನೂ ಇದ್ದಾನೆ... ಹಾಂ, ಈಗ ಜಾಗ ಇದೆ, ನುಗ್ಗು!"

ಅವಳ ಎದೆ ಆ ಧ್ವನಿಯ ಜೊತೆಗೇ ಓಡತೊಡಗಿತು. ಆದರೆ ಓಟ ಅರ್ಧವೂ ಮುಗಿದಿರಲಿಲ್ಲ, ಅದೇ ಧ್ವನಿ ಹೇಳಿತು:

"ಆ ಹಳದಿಯವಳಿಗೆ ಇಲ್ಲೇನು ನಡೀತಿದೆ ಅಂತಾನೇ ಗೊತ್ತಿಲ್ಲ. ಯಾಕಾದ್ರೂ ಬಂದ್ಲೋ! ಅವಳನ್ನ ನಂಬಬೇಡ."

ಡೀನಾ ತನ್ನ ಅಂಗಿಯನ್ನು ನೋಡಿಕೊಂಡಳು. ಕೆನ್ನೆ ಉರಿಯಿತು.

'ಇವನೂ ಅಷ್ಟೇನಾ...?'

ಓಟ ಮುಗಿದದ್ದೇ ತಡ, ಛಾವಣಿಯಿಂದ ಇಳಿಯುತ್ತಿದ್ದ ಎಮೆಟ್‌ನ ಕೈಗೆ ರೇಡಿಯೊ ತುರುಕಿದಳು.

"ತಗೊಳ್ಳಿ. ಏನೂ ಗೊತ್ತಿಲ್ಲದವಳಿಗೆ ಇದ್ಯಾಕೆ?"

"ಏನಾಯ್ತು? ರೀ... ಒಂದ್ನಿಮಿಷ!"

ಅವಳು ನಿಲ್ಲಲಿಲ್ಲ. ಗೇಟಿನ ಬಳಿ ಗೆಳೆಯರ ಜೊತೆ ರ್ಯಾಂಡಲ್ ನಿಂತಿದ್ದ.

"ಏನೇ ಡೀನಾ, ತಲೆಗೆ ಹತ್ತಿತಾ?"

ಕಣ್ಣಂಚಿಗೆ ಬಂದ ನೀರನ್ನು ಅವಳು ನುಂಗಿಕೊಂಡಳು. "ಮುಂದಿನ ಶನಿವಾರನೂ ಬರ್ತೀನಿ. ಅರ್ಥ ಆಗದೇ ಇರೋದು ಏನಾದ್ರೂ ಇದ್ರೆ ಕೇಳು, ಹೇಳ್ಕೊಡ್ತೀನಿ!"

ಬಂದಳು! ಅದೇ ಹಳದಿ ಅಂಗಿ, ಆದರೆ ಸ್ವಂತ ರೇಡಿಯೊ. ಈ ಸಲ ಕುಳಿತದ್ದು ಮೇಲಿನ ಸಾಲಿನಲ್ಲಿ, ನಲವತ್ತು ವರ್ಷಗಳಿಂದ ಓಟ ನೋಡುತ್ತಿದ್ದ ಮಿಸ್ ಓಪಲ್ ಎಂಬ ಮುದುಕಿಯ ಪಕ್ಕ. ಎರಡು ಸಾಲು ಕೆಳಗೆ ರ್ಯಾಂಡಲ್.

ಎಂಟನೇ ನಂಬರಿನ ಕಾರು ಟ್ರ್ಯಾಕಿಗೆ ಬಂದಾಗ ಜನ ಕೂಗಿ ಛೀಮಾರಿ ಹಾಕಿದರು. ಅದರಲ್ಲಿದ್ದವಳು ಹತ್ತೊಂಬತ್ತರ ಹುಡುಗಿ, ಕೋರಿನ್. "ಮನೆಗೆ ಹೋಗೇ!" ಎಂದು ರ್ಯಾಂಡಲ್ ಅರಚಿದ.

ಡೀನಾ ಎದ್ದು ನಿಂತಳು. "ನುಗ್ಗು ಕೋರಿನ್! ಯಾವನ ಮಾತೂ ಕೇಳಬೇಡ!"

ಡೀನಾಗೆ ತನ್ನ ನೆಚ್ಚಿನ ಗಾಡಿ ಸಿಕ್ಕಿತ್ತು.

ಓಟ ಶುರುವಾದ ಮೇಲೆ ಬೇಡಬೇಡವೆಂದರೂ ಬೆರಳು ಎಪ್ಪತ್ತಮೂರರ ಚಾನೆಲ್‌ಗೆ ತಿರುಗಿತು. ಎಮೆಟ್ ಹೇಳುತ್ತಿದ್ದ:

"ಹಳದಿಯವಳು ಪಕ್ಕಕ್ಕೆ ಬಂದ್ಲು. ಇವತ್ತು ಬಹಳ ಚೆನ್ನಾಗಿ ಓಡಿಸ್ತಿದ್ದಾಳೆ. ತಳ್ಳಬೇಡ, ಜಾಗ ಕೊಡು."

ಓಡಿಸ್ತಿದ್ದಾಳೆ...?

"ಮಿಸ್ ಓಪಲ್, ಹಳದಿಯವಳು ಅಂದ್ರೆ ಯಾರು?"

"ಇನ್ಯಾರು ಕಂದ, ಆ ಎಂಟನೇ ನಂಬರಿನ ಹುಡುಗಿ! ಹೊಸಬರ ಗಾಡಿ ಹಿಂದೆ ಹಳದಿ ಪಟ್ಟಿ ಇರುತ್ತಲ್ಲ, ಕಾಣ್ಸಲ್ವಾ? ಹೋದ ವಾರ ಪಾಪ, ಎಲ್ಲರಿಗೂ ಅಡ್ಡ ಬಂದಿದ್ಲು."

ಡೀನಾ ಹಣೆ ಚಚ್ಚಿಕೊಂಡಳು. 'ಅಯ್ಯೋ... ನಾನೇನು ಮಾಡ್ಬಿಟ್ಟೆ!'

ಕೋರಿನ್ ಒಂಬತ್ತನೆಯವಳಾಗಿ ಗೆರೆ ದಾಟಿದಳು, ರ್ಯಾಂಡಲ್‌ನ ನೆಚ್ಚಿನ ಗಾಡಿಗಿಂತ ಮುಂದೆ. ಕೂಗಿ ಕೂಗಿ ಡೀನಾಳ ಗಂಟಲು ಕಟ್ಟಿತು. ರ್ಯಾಂಡಲ್ ತಿರುಗಿಯೂ ನೋಡಲಿಲ್ಲ.

ಛಾವಣಿಯ ಮೆಟ್ಟಿಲ ಬುಡದಲ್ಲಿ ಅವಳು ಎಮೆಟ್‌ಗಾಗಿ ಕಾದಳು.

"ಹೋದ ವಾರ ನೀವು ಬೈದಿದ್ದು ನನಗೇ ಅಂದ್ಕೊಂಡಿದ್ದೆ. ತಪ್ಪು ನಂದೇ."

ಎಮೆಟ್‌ಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಅವಳ ಅಂಗಿ ನೋಡಿದ... ನಗಲು ಹೋದವನು ನಗಲಿಲ್ಲ.

"ಆ ಹುಡುಗಿಗೆ ಹಾಗಂದಿದ್ದೂ ತಪ್ಪೇ. ಅವತ್ತೇ ಹೋಗಿ ಅವಳ ಹತ್ರ ಕ್ಷಮೆ ಕೇಳ್ದೆ. ನಿಮ್ಮನ್ನೂ ಹುಡುಕ್ದೆ... ಊರು ಗೊತ್ತಿಲ್ಲ, ಹೆಸರೂ ಗೊತ್ತಿಲ್ಲ. ಇವತ್ತು ಜನರ ಮಧ್ಯೆ ನಿಮ್ಮನ್ನ ನೋಡ್ತಾ ಎರಡು ಗಾಡಿ ಬಂದಿದ್ದನ್ನ ಹೇಳೋದೇ ಮರೆತೆ. ನಮ್ಮ ಡ್ರೈವರ್ ಇನ್ನೂ ಬೈತಿದ್ದಾನೆ!"

ಅವಳ ಎದೆ ಜೋರಾಗಿ ಹೊಡೆದುಕೊಂಡಿತು. ಆದರೂ ತಲೆಯೆತ್ತಿ ನಿಂತಳು.

"ಡೀನಾ ನನ್ನ ಹೆಸರು. ನಾನು ಬಂದಿದ್ದು ನಿಮಗೋಸ್ಕರ ಅಲ್ಲ, ರೇಸಿಗೆ. ನಾಳೆ ನಿಮ್ಮ ಜೊತೆ ಜಗಳ ಆದ್ರೂ ಶನಿವಾರ ನಾನು ಇಲ್ಲೇ ಇರ್ತೀನಿ. ತಿಳೀತಾ?"

"ಹಾಗಾದ್ರೆ... ಜಗಳ ಆಡೋಷ್ಟು ಹತ್ತಿರ ಬರ್ತೀರಾ?"

ಡೀನಾಗೆ ನಗು ತಡೆಯಲಾಗಲಿಲ್ಲ.

"ಬರ್ತೀನಿ. ಆದ್ರೆ ಈ ಬರ್ತೀರಾ, ಹೋಗ್ತೀರಾ ಎಲ್ಲ ಸಾಕು."

ಎಮೆಟ್ ಮೆಲ್ಲಗೆ ಕೈ ಚಾಚಿದ.

"ಬಾ, ಡೀನಾ... ನನ್ನ ಹಿಂದೇನೇ ಬಾ, ಮೆಟ್ಟಿಲು ಕಡಿದಾಗಿದೆ. ಮೇಲಿಂದ ಎಲ್ಲಾ ಕಾಣುತ್ತೆ."

ಅವಳು ಆ ಕೈ ಹಿಡಿದಳು.

"ಹಿಂದೆ ಯಾಕೆ? ಪಕ್ಕಕ್ಕೆ ಸರಿ. ಜೊತೆಗೇ ಹತ್ತೋಣ."