ಉಜ್ಜಿ ತೆಗೆದ ಹೆಸರು

ನಂಬುವವರು ನಂಬಲಿ, ನಾನು ಮೇಜಿನ ಈಚೆಗೇ ನಿಂತಿದ್ದೆ. ಅಮೆರಿಕದ ಮೊಂಟಾನಾದಲ್ಲಿ, ನಮ್ಮೂರ ಸಭಾಂಗಣದ ಬಂದೂಕು ಸಂತೆಯಲ್ಲಿ ನಡೆದದ್ದು. ಅಲ್ಲಿ ಬಾಗಿಲಲ್ಲೇ ಪ್ರತಿ ಬಂದೂಕನ್ನೂ ಬರಿದುಮಾಡಿ, ಗುಂಡು ಹಾರದಂತೆ ಪ್ಲಾಸ್ಟಿಕ್ ಪಟ್ಟಿ ಬಿಗಿಯುತ್ತಾರೆ.

ಆ ರಷ್ಯನ್ ರೈಫಲ್ ಅಪ್ಪನದು, ಸೈನ್ಯ ಬೇಡವೆಂದು ಮಾರಿದ ಮಾಲು. ಭುಜಕ್ಕೆ ಆನಿಸುವ ಮರದ ಮೇಲೆ ಯಾವನೋ ಸಿಪಾಯಿ ಚಾಕುವಿನಿಂದ ತನ್ನ ಹೆಸರು ಕೆತ್ತಿದ್ದ. "ಇದು ಅವನದು, ನಾವು ಕಾಯೋರು ಅಷ್ಟೇ" ಎನ್ನುತ್ತ ಅಪ್ಪ ಅದಕ್ಕೆ ಎಣ್ಣೆ ಸವರುತ್ತಿದ್ದರು. ಅಪ್ಪ ಸತ್ತ ವಾರವೇ ವ್ಯಾಪಾರಿ ವರ್ಜಿಲ್ ಬಂದು, ಸೌದೆಗೂ ಬಾರದ್ದೆಂದು ಅಮ್ಮನನ್ನು ನಂಬಿಸಿ ನೂರು ಡಾಲರಿಗೆ ಒಯ್ದಿದ್ದ. ಈಗ ಸಂಗ್ರಹಕಾರರು ಇಂಥವಕ್ಕೆ ಮುಗಿಬೀಳುತ್ತಾರೆ. ಸಂತೆಯಲ್ಲಿ ಅವನ ಮೇಜಿನ ಮೇಲಿದ್ದ ಅದರ ಬೆಲೆಚೀಟಿಯಲ್ಲಿ ಒಂಬೈನೂರು ಎಂದಿತ್ತು.

"ಹೆಸರೆಲ್ಲಿ, ವರ್ಜಿಲ್?"

"ಉಪ್ಪುಕಾಗದದಲ್ಲಿ ಉಜ್ಜಿಬಿಟ್ಟೆ ಕಣಮ್ಮ ಡೊರೀನ್. ಗೀರು ಇದ್ರೆ ಯಾರು ತಗೋತಾರೆ?"

ಮುಟ್ಟಿದೆ. ಆಗತಾನೇ ಯಾರೋ ಕೆನ್ನೆಯೊತ್ತಿ ಎತ್ತಿದ ಹಾಗೆ ಆ ಜಾಗ ಬೆಚ್ಚಗಿತ್ತು. ಮರದೊಳಗಿಂದ ಹಳೆಯ ಗ್ರೀಸ್ ಜಿನುಗುತ್ತಿತ್ತು. ವರ್ಜಿಲ್ ಒರೆಸಿದ. ಮತ್ತೆ ಜಿನುಗಿತು, ಈ ಸಲ ಅಕ್ಷರಗಳಾಗಿ.

"ಸೆಕೆಗೆ ಮರ ಬೆವರುತ್ತೆ. ನಿಮ್ಮಪ್ಪ ಹೇಳಿಕೊಡ್ಲಿಲ್ವಾ?" ಎಂದು ನಕ್ಕ. ಹೊರಗೆ ಹಿಮ ಬೀಳುತ್ತಿತ್ತು.

ಇನ್ನೊಮ್ಮೆ ಒರೆಸಲು ಬಾಗಿದಾಗ ಗುಂಡು ಹಾರಿದ ಸದ್ದಿಗೆ ಸಭಾಂಗಣವೇ ನಡುಗಿತು. ವರ್ಜಿಲ್ ಭುಜ ಹಿಡಿದು ಕುಸಿದ.

ಬದುಕಿದ್ದಾನೆ. ಏನನ್ನೂ ಉಜ್ಜಲು ಆ ಕೈ ಇನ್ನು ಏಳುವುದಿಲ್ಲ. ನನಗಂತೂ ಮರುಕವಿಲ್ಲ.

ಪೊಲೀಸರು ಬಂದಾಗ ರೈಫಲಿನ ನಳಿಗೆ ಇನ್ನೂ ಸುಡುತ್ತಿತ್ತು. ಪ್ಲಾಸ್ಟಿಕ್ ಪಟ್ಟಿ ಬಿಗಿದದ್ದು ಬಿಗಿದಂತೆಯೇ ಇತ್ತು. ಅವರೇ ಕತ್ತರಿ ತರಿಸಿ ಅದನ್ನು ಕತ್ತರಿಸಬೇಕಾಯಿತು.