ಎರಡನೇ ಬಾಟಲಿ

"ಹೆಣ್ಣು ಕೈ ಇಟ್ಟ ಎಂಜಿನ್ ಇದು! ಇನ್ನೇನಾಗುತ್ತೆ?"

ಬೆಟ್ಟದ ಮೇಲಿನ ಊರು ಎಲ್ ಆಲ್ಟೊದ ಟ್ಯಾಕ್ಸಿ ಸ್ಟ್ಯಾಂಡಿನ ಮುಖಂಡ, ಎಲ್ಲರೂ ಗೌರವದಿಂದ ಡಾನ್ ಎನ್ನುವ ಸೆವೆರೊ, ಗ್ಯಾರೇಜಿನ ಬಾಗಿಲಲ್ಲೇ ನಿಂತು ಕೂಗಿದ. ಬೀದಿಗೆಲ್ಲ ಕೇಳಲಿ ಎಂದೇ ಕೂಗಿದ್ದು.

ಸಬಿನಾ ಕಾರಿನಡಿಯಿಂದ ಹೊರಬಂದಳು. ಎರಡೂ ಜಡೆ ಬೆನ್ನ ಹಿಂದೆ ಕಟ್ಟಿ, ನೆರಿಗೆ ಲಂಗ ಎತ್ತಿ ಸೊಂಟಕ್ಕೆ ಸಿಕ್ಕಿಸಿದ್ದಳು. ಕೈಯಲ್ಲಿ ಸ್ಪ್ಯಾನರ್. ಸೆವೆರೊ ಪಕ್ಕದಲ್ಲಿ ತಲೆ ತಗ್ಗಿಸಿ ನಿಂತವನನ್ನು ಕಂಡದ್ದೇ ಅವಳು ಸಿಕ್ಕಿಸಿದ್ದ ಲಂಗ ಕೆಳಗೆ ಬಿಟ್ಟಳು.

ರೆಮಿಹಿಯೊ!

ಬಾಗಿಲಾಚೆ ನಿಂತಿದ್ದ ಬಿಳಿ ಪುಟ್ಟ ಕಾರು ಅವನದೇ. ಮೂರು ವಾರದ ಹಿಂದೆ ಅವಳೇ ಪ್ಲಗ್ ಬದಲಿಸಿ ಸರ್ವಿಸ್ ಮಾಡಿಕೊಟ್ಟಿದ್ದಳು. ಆಮೇಲೆ ಅವನು ಮೂರು ಸಲ ಬಂದಿದ್ದ... ಸರಿಯಾಗಿದ್ದ ಟೈರಿಗೆ ಗಾಳಿ ಹಾಕಿಸಲು! ಅವಳಿಗೇನು ಅರ್ಥವಾಗದೆ ಇರುತ್ತದೆಯೇ? ನಾಲ್ಕನೇ ಸಲ ಬರಲಿ ಎಂದು ಕಾದೂ ಇದ್ದಳು.

"ಏನಾಗಿದೆ ಗಾಡಿಗೆ?" ಅವನನ್ನೇ ಕೇಳಿದಳು.

ಉತ್ತರ ಕೊಟ್ಟಿದ್ದು ಸೆವೆರೊ. "ಲಾ ಪಾಸ್‌ನಿಂದ ಇಲ್ಲಿಗೆ ಏರು ಹತ್ತುವಾಗ ಆಕ್ಸಿಲರೇಟರ್ ಒತ್ತಿದ್ರೆ ಉಸಿರೇ ಇಲ್ಲ. ಪಿಕಪ್ ಇಲ್ಲ. ಆಮೇಲೆ ಗೂಳಿ ತರ ಹಾರುತ್ತೆ! ಜನ ಅರ್ಧ ದಾರೀಲಿ ಇಳಿದು ಹೋಗ್ತಿದ್ದಾರೆ. ಇನ್ನು ಮೇಲೆ ನಮ್ಮ ಸ್ಟ್ಯಾಂಡಿನ ನಲವತ್ತು ಗಾಡೀಲಿ ಒಂದೂ ಇಲ್ಲಿಗೆ ಬರಲ್ಲ."

ನಲವತ್ತು ಗಾಡಿ! ಅವು ಬಾರದಿದ್ದರೆ ಈ ಗ್ಯಾರೇಜೇ ಇಲ್ಲ. ಅಪ್ಪ ಸತ್ತ ಮೇಲೆ, ಬೋರ್ಡಿನ ಮೇಲಿದ್ದ ಅವನ ಹೆಸರಿನ ಕೆಳಗೆ ತನ್ನ ಹೆಸರನ್ನು ತಾನೇ ಬಣ್ಣ ಹಚ್ಚಿ ಬರೆದಿದ್ದಳು ಸಬಿನಾ.

"ನೀವೂ ಹಾಗೇ ಅಂತೀರಾ?" ಅವಳ ಕಣ್ಣು ರೆಮಿಹಿಯೊ ಮೇಲಿತ್ತು.

ಅವನು ಬಾಯಿ ತೆರೆದ. ಮುಚ್ಚಿದ. ಮತ್ತೆ ನೆಲ ನೋಡಿದ.

'ಓಹೋ... ಇವನೂ ಅಷ್ಟೇನಾ?' ಆದರೆ ಅಳುತ್ತಾ ಕೂರುವವಳೇ ಅವಳು! ಸ್ಪ್ಯಾನರನ್ನು ಟೇಬಲ್ಲಿನ ಮೇಲೆ ಕುಕ್ಕಿದಳು.

"ನಿಲ್ಲಿ ಇಲ್ಲೇ, ಇಬ್ಬರೂ! ನನ್ನ ಕೆಲಸದ ತಪ್ಪಾಗಿದ್ರೆ ನನ್ನ ಕೈಯಾರೆ ಬೋರ್ಡ್ ಇಳಿಸ್ತೀನಿ. ಅಲ್ಲದಿದ್ರೆ, ತಪ್ಪು ಯಾರದು ಅಂತ ಈ ಮೂಕರಾಯರು ಸ್ಟ್ಯಾಂಡಲ್ಲಿ ನಿಂತು ಎಲ್ಲರೆದುರು ಹೇಳ್ಬೇಕು."

"ಕುಣಿಯೋಕೆ ಬರದೋಳು ನೆಲ ಡೊಂಕು ಅಂದ್ಲಂತೆ," ಸೆವೆರೊ ನಕ್ಕ.

"ಕುಣಿದ ಮೇಲೆ ಮಾತಾಡಿ ಡಾನ್ ಸೆವೆರೊ."

ಬಾನೆಟ್ ಎತ್ತಿದಳು. ಪ್ಲಗ್ಗುಗಳನ್ನು ಬಿಚ್ಚಿ ಸೆವೆರೊನ ಮೂಗಿನ ಮುಂದೆ ಹಿಡಿದಳು. ಚೊಕ್ಕವಾಗಿದ್ದವು. ಏರ್ ಫಿಲ್ಟರ್ ಸರಿಯಿತ್ತು. ಪೆಟ್ರೋಲ್ ಒತ್ತಡ ಅಳೆದಳು, ಅದೂ ಸರಿ. ಸೆವೆರೊನ ನಗು ಅಗಲವಾಗುತ್ತಾ ಹೋಯಿತು.

'ಅಪ್ಪಾ... ಏನು ಬಿಟ್ಟೆ ನಾನು?'

ಉಳಿದದ್ದು ಒಂದು ಪುಟ್ಟ ಸೆನ್ಸರ್. ಕಾಲು ಎಷ್ಟು ಒತ್ತಿದೆ ಎಂದು ಎಂಜಿನ್‌ಗೆ ತಿಳಿಸುವುದು ಅದೇ. ಮೀಟರ್ ಜೋಡಿಸಿ, "ನಿಧಾನಕ್ಕೆ ಒತ್ತಿ," ಎಂದಳು. ರೆಮಿಹಿಯೊ ಒತ್ತಿದ. ಅಂಕಿ ಏರಿತು, ಏರಿತು... ನಡುವೆ ಇದ್ದಕ್ಕಿದ್ದಂತೆ ಸೊನ್ನೆಗೆ ಬಿತ್ತು!

ವೈರು ಕೂಡುವ ಜಾಗ ಬಿಚ್ಚಿದಳು. ಒಳಗೆಲ್ಲ ಕಂದು ಅಂಟು. ಅದರಲ್ಲಿ ಕೆಂಪು ಕಾಗದದ ಒಂದು ಚೂರು. ಮೂಸಿ ನೋಡಿದಳು.

"ಬಿಯರ್!" ತಿರುಗಿದಳು. "ಕೊಪಕಬಾನಾ ಚರ್ಚಿನ ಮಾತೆ ಹತ್ರ ಗಾಡಿಪೂಜೆಗೆ ಹೋಗಿದ್ರಾ?"

"ಅದಕ್ಕೇನೀಗ?" ಸೆವೆರೊ ಮಧ್ಯೆ ಬಾಯಿ ಹಾಕಿದ. "ಎಲ್ಲರೂ ಹೋಗ್ತೀವಿ. ಬಣ್ಣದ ಕಾಗದ ಎರಚ್ತೀವಿ, ಬಿಯರ್ ಚಕ್ರಕ್ಕೆ ಸುರೀತೀವಿ, ಭೂತಾಯಿಗೆ ಸುರೀತೀವಿ. ಎಂಜಿನ್ ಮೇಲೂ ಎರಡು ಹನಿ ಹಾಕ್ತೀವಿ."

"ಇದು ಹನಿಯಲ್ಲ ಸ್ವಾಮಿ, ಅಭ್ಯಂಜನ!"

ರೆಮಿಹಿಯೊನ ಕಿವಿ ಕೆಂಪಾದವು. "ಎರಡು ಬಾಟಲಿ ತಗೊಂಡಿದ್ದೆ... ಎರಡನೇದು ಪೂರ್ತಿ ಎಂಜಿನ್ ಮೇಲೆ ಸುರಿದೆ."

"ಯಾಕ್ರೀ? ಅದಕ್ಕೂ ಬಾಯಾರಿತ್ತಾ?"

"...ಸ್ಟ್ಯಾಂಡಲ್ಲಿ ಹೇಳ್ತೀನಿ."

ಸ್ಪ್ರೇ ಹೊಡೆದು, ಪಿನ್ನುಗಳನ್ನು ಒಂದೊಂದಾಗಿ ಉಜ್ಜಿ, ಒಣಗಿಸಿ ಕೂಡಿಸಿದಳು. ಈಗ ಅಂಕಿ ಎಲ್ಲೂ ಬೀಳದೆ ಮೇಲಕ್ಕೆ ಹೋಯಿತು. ಕೀ ಕಸಿದುಕೊಂಡು, ಇಬ್ಬರನ್ನೂ ಹತ್ತಿಸಿಕೊಂಡು ಸ್ಟೇರಿಂಗ್ ಹಿಂದೆ ಅವಳೇ ಕೂತಳು. ಕೆಳಗೆ ಲಾ ಪಾಸ್‌ವರೆಗೆ ಇಳಿದು, ಅದೇ ಏರಿಗೆ ತಿರುಗಿಸಿ, ಕಾಲು ಒತ್ತಿದಳು.

ಪುಟ್ಟ ಕಾರು ಒಂದೇ ಉಸಿರಿಗೆ ಹತ್ತಿತು! ಹಿಂದಿನ ಸೀಟಿನಲ್ಲಿ ಸೆವೆರೊ ಹ್ಯಾಟ್ ಹಿಡಿದುಕೊಂಡು ಕೂತಿದ್ದ.

ಸ್ಟ್ಯಾಂಡಿನಲ್ಲಿ ಡ್ರೈವರುಗಳೆಲ್ಲ ಮೆಕ್ಕೆಜೋಳದ ಬಿಸಿ ಬಿಸಿ ಆಪಿ ಕುಡಿಯುತ್ತಾ ನಿಂತಿದ್ದರು. ರೆಮಿಹಿಯೊ ಇಳಿದ. ಯಾರೋ ಕೊಟ್ಟ ಆಪಿ ಲೋಟ ಹಿಡಿದುಕೊಂಡೇ ಎಲ್ಲರ ಮುಂದೆ ನಿಂತ. ಸಬಿನಾ ಕೈ ಕಟ್ಟಿ ನಿಂತಳು. ಅವಳೇನೂ ಬಿಟ್ಟುಕೊಡುವವಳಲ್ಲ.

"ಕೇಳ್ರಪ್ಪಾ! ಗಾಡಿ ಕೆಡಿಸಿದ್ದು ನಾನು. ಸರಿ ಮಾಡಿದ್ದು ಇವರು." ಅವನು ಉಗುಳು ನುಂಗಿದ. "ಮೊದಲನೇ ಬಾಟಲಿ ಗಾಡಿಗೆ ಅಂತ ಸುರಿದೆ. ಎರಡನೇದು... ಅದನ್ನ ಮುಟ್ಟಿದ ಕೈಗಳಿಗೆ ಒಳ್ಳೇದಾಗಲಿ ಅಂತ, ಅವು ಎಲ್ಲೆಲ್ಲಿ ಮುಟ್ಟಿದ್ವೋ ಅಲ್ಲೆಲ್ಲ ಸುರಿದೆ. ಆ ಕೈ ನನ್ನ ಮನೆಗೆ ಬರಲಿ ಅಂತ ಮಾತೆ ಹತ್ರ ಬೇಡ್ಕೊಂಡೆ."

ಯಾರೋ ಶಿಳ್ಳೆ ಹೊಡೆದರು. ಸೆವೆರೊ ಹ್ಯಾಟ್ ತೆಗೆದು, "ನನ್ನ ಗಾಡಿಯ ಬ್ರೇಕ್ ಸ್ವಲ್ಪ... ನಾಳೆ ತರಲಾ ಮಾಯೆಸ್ತ್ರಾ?" ಎಂದ. ಗಂಡಸು ಮೆಕ್ಯಾನಿಕ್‌ಗಳನ್ನಷ್ಟೇ ಹಾಗೆ ಮೇಸ್ತ್ರಿ ಎಂದು ಕರೆಯುತ್ತಿದ್ದ ಬಾಯಿ ಅದು.

"ತನ್ನಿ. ಆದ್ರೆ ಸರದೀಲಿ ನಿಲ್ಲಬೇಕು."

ಆಮೇಲೆ ರೆಮಿಹಿಯೊ ಕಡೆ ತಿರುಗಿದಳು. ಕಣ್ಣು ತುಂಬಿತ್ತು, ಸಿಟ್ಟು ಮಾತ್ರ ಇಳಿದಿರಲಿಲ್ಲ.

"ಬೆಳಿಗ್ಗೆ ಅವರು ಅಷ್ಟು ಅಂದಾಗ ಎಲ್ಲಿ ಹೋಗಿತ್ತು ಈ ಬಾಯಿ? ಎಷ್ಟು ನೋವಾಯ್ತು ಗೊತ್ತಾ ನಂಗೆ?"

"ಬಿಯರ್ ವಿಷಯ ಹೇಳಿದ್ರೆ ಇದನ್ನೂ ಹೇಳ್ಬೇಕಾಗ್ತಿತ್ತು... ಹೆದರಿಬಿಟ್ಟೆ. ತಪ್ಪಾಯ್ತು ಸಬಿನಾ."

ಮೊದಲ ಸಲ ಅವನು ಹೆಸರು ಹಿಡಿದು ಕರೆದದ್ದು. ಅವಳು ಅವನ ಕೈಯಲ್ಲಿದ್ದ ಆಪಿ ಲೋಟ ಕಿತ್ತುಕೊಂಡು ಒಂದು ಗುಟುಕು ಕುಡಿದಳು.

"ಮುಂದಿನ ಪೂಜೆಗೆ ನಾನೂ ಬರ್ತೀನಿ. ಬಾಟಲಿ ನನ್ನ ಕೈಲಿರುತ್ತೆ. ಬಾನೆಟ್?"

"ಮುಚ್ಚಿರ್ತೀನಿ."

"ಬಾಯಿ?"

"ಇನ್ನು ಮುಚ್ಚಲ್ಲ," ಎಂದ ಅವನು, ಮತ್ತು ಗ್ರೀಸ್ ಹತ್ತಿದ ಆ ಕೈಯನ್ನು ಎಲ್ಲರೆದುರೇ ಹಿಡಿದುಕೊಂಡ.